ಟಿಕೆಟ್ ಮುಚ್ಚುವವರಿಗೆ ಮುಂದೇನು?

ಕೊನೆಯ ಸೆಮಿಸ್ಟರ್ ಶುರುವಾಯಿತೆಂದರೆ ನಮ್ಮ ಹೆಲ್ಪ್ ಡೆಸ್ಕಿನಲ್ಲಿ ಮಾತಿನ ವರಸೆಯೇ ಬದಲಾಗುತ್ತದೆ. ಯಾರಿಗೆ ಎಲ್ಲಿ ಕೋಡಿಂಗ್ ಟೆಸ್ಟು, ಯಾರದು ಎರಡನೇ ಸುತ್ತಿಗೆ ಹೋಯಿತು, ಯಾರಿಗೆ ಉತ್ತರವೇ ಬರಲಿಲ್ಲ, ಬರೀ ಇದೇ. ನಾನು ವಿಶ್ವವಿದ್ಯಾಲಯವೊಂದರ ಐಟಿ ವಿಭಾಗದಲ್ಲಿ ವಿದ್ಯಾರ್ಥಿ ಸಹಾಯಕರ ತಂಡವನ್ನು ನೋಡಿಕೊಳ್ಳುವವಳು. ಓದಿನ ನಡುವೆ ವಾರಕ್ಕಿಷ್ಟು ಗಂಟೆ ಅಂತ ದುಡಿಯುವ ಹುಡುಗ ಹುಡುಗಿಯರು. ಪಾಸ್‌ವರ್ಡ್ ಮರೆತವರಿಂದ ಹಿಡಿದು ಪ್ರೊಜೆಕ್ಟರ್ ಆನ್ ಆಗದೆ ತರಗತಿಯ ಮುಂದೆ ಪರದಾಡುವ ಪ್ರೊಫೆಸರರವರೆಗೆ ಎಲ್ಲರೂ ಮೊದಲು ಫೋನ್ ಮಾಡುವುದು ಇವರಿಗೆ. ಬಂದ ಒಂದೊಂದು ದೂರೂ ಕಂಪ್ಯೂಟರಿನಲ್ಲಿ ಒಂದು "ಟಿಕೆಟ್" ಆಗಿ ದಾಖಲಾಗುತ್ತದೆ, ಬಗೆಹರಿದ ಮೇಲೆ ಅದನ್ನು ಮುಚ್ಚುತ್ತಾರೆ. ಇಷ್ಟೆಲ್ಲ ಮಾಡಿದವರು ಪದವಿ ಮುಗಿಸಿ ಹೊರಡುವಾಗ ರೆಸ್ಯೂಮೆಯಲ್ಲಿ ಇದಕ್ಕೆ ಕೊಡುವುದು ಒಂದು ಸಾಲು: "ಪಾರ್ಟ್‌ಟೈಮ್, ಐಟಿ ಸಪೋರ್ಟ್." ಅದರ ಮೇಲೆ, ಯಾರೂ ಒಮ್ಮೆಯೂ ಬಳಸದ ಒಂದು ಕ್ಲಾಸ್ ಪ್ರಾಜೆಕ್ಟಿನ ಬಗ್ಗೆ ಅರ್ಧ ಪುಟ. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವುದು ಅಂದರೆ ಇದೇ.

"ಯಾವುದಾದರೂ ಕಾಲೇಜಿಗೋ ಶಾಲೆಗೋ ಅರ್ಜಿ ಹಾಕಿದ್ದೀಯಾ?" ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. "ನನಗೆ ಪಾಠ ಮಾಡೋಕೆ ಬರಲ್ಲ ಮೇಡಂ." ಶಿಕ್ಷಣ ಕ್ಷೇತ್ರದ ಕೆಲಸ ಅಂದರೆ ಬೋರ್ಡಿನ ಮುಂದೆ ನಿಲ್ಲುವುದು ಎಂದು ಅವರ ತಲೆಯಲ್ಲಿ ಕೂತಿದೆ. ದಿನಾ ಎದುರು ಕೂತು ಶಿಫ್ಟ್ ಹಂಚುವ ನಾನು, ಪಕ್ಕದ ಕೋಣೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು, ಆನ್‌ಲೈನ್ ಕೋರ್ಸು ನಡೆಸುವ ಮೂಡಲ್ ತಂತ್ರಾಂಶದ ಅಡ್ಮಿನ್ (ನಿರ್ವಾಹಕರು), ಗ್ರಂಥಾಲಯದ ಕೊಹಾ ಸಾಫ್ಟ್‌ವೇರಿಗೆ ಜವಾಬ್ದಾರರಾದವರು, ಇವರೆಲ್ಲರಿಗೂ ಸಂಬಳ ಕೊಡುವುದು ಶಿಕ್ಷಣ ಸಂಸ್ಥೆಯೇ ಎಂಬುದು ಕಣ್ಣೆದುರಿಗಿದ್ದರೂ ಹೊಳೆದಿರುವುದಿಲ್ಲ.

ಹೊಳೆದ ಮೇಲೂ, ಹುಡುಕುವಾಗ ಏನೆಂದು ಟೈಪ್ ಮಾಡಬೇಕು ಎಂಬ ತೊಡಕು ಇದ್ದೇ ಇದೆ. ಒಂದೇ ಕೆಲಸಕ್ಕೆ ಒಂದೊಂದು ಸಂಸ್ಥೆ ಒಂದೊಂದು ಹೆಸರಿಡುತ್ತದೆ. ಒಂದು ಕಡೆ ಇನ್‌ಸ್ಟ್ರಕ್ಷನಲ್ ಟೆಕ್ನಾಲಜಿಸ್ಟ್, ಇನ್ನೊಂದು ಕಡೆ ಲರ್ನಿಂಗ್ ಸಿಸ್ಟಮ್ಸ್ ಅನಲಿಸ್ಟ್, ಮತ್ತೊಂದು ಕಡೆ ಅಕಾಡೆಮಿಕ್ ಸಪೋರ್ಟ್ ಆಫೀಸರ್. ಪ್ರೊಜೆಕ್ಟರ್, ಮೈಕು, ಲೆಕ್ಚರ್ ರೆಕಾರ್ಡಿಂಗ್ ಅಂದರೆ ಜೀವ ಬಿಡುವವರಿಗೆ ಕ್ಲಾಸ್‌ರೂಮ್ ಟೆಕ್ನಾಲಜಿಯ ಹುದ್ದೆಗಳಿವೆ. ಡೇಟಾ ಇಷ್ಟಪಡುವವರಿಗೆ ವಿದ್ಯಾರ್ಥಿಗಳ ದಾಖಲೆ ಇಡುವ ಸ್ಟೂಡೆಂಟ್ ಇನ್ಫರ್ಮೇಶನ್ ಸಿಸ್ಟಮ್ ಕಡೆ ದಾರಿ ಇದೆ. ಶಾಲೆಗಳಲ್ಲಾದರೆ ನೂರಾರು ಟ್ಯಾಬ್ಲೆಟ್, ಕ್ರೋಮ್‌ಬುಕ್ ನಿಭಾಯಿಸುವವರು ಬೇಕು. ಮೂಡಲಿನಂಥದೇ ತಂತ್ರಾಂಶವಾದ ಕ್ಯಾನ್ವಾಸ್ ಮಾಡುವ ಇನ್‌ಸ್ಟ್ರಕ್ಚರ್‌ನಂಥ ಕಂಪನಿಗಳೂ ಸಪೋರ್ಟಿಗೆ ಜನರನ್ನು ತೆಗೆದುಕೊಳ್ಳುತ್ತವೆ. ವಿಶ್ವವಿದ್ಯಾಲಯ ಒಳಗಿನಿಂದ ಹೇಗೆ ನಡೆಯುತ್ತದೆ ಎಂದು ಬಲ್ಲವರು ಅಲ್ಲಿ ಎದ್ದು ಕಾಣುತ್ತಾರೆ. ಹಾಗಾಗಿ ಹುದ್ದೆಯ ಹೆಸರನ್ನು ಬಿಟ್ಟು ಸಾಫ್ಟ್‌ವೇರಿನ ಹೆಸರು ಹಾಕಿ ಹುಡುಕಿ ಎನ್ನುತ್ತೇನೆ. "ಮೂಡಲ್" ಎಂದು ಹಾಕಿದರೆ, ಹೆಸರೇ ಕೇಳಿರದ ಹುದ್ದೆಗಳು ಎದ್ದು ಬರುತ್ತವೆ.

ಮೂಡಲ್ ಅಂದಾಗ ಅದನ್ನು ಕಟ್ಟಿದ ಮಾರ್ಟಿನ್ ಡೌಗಿಯಾಮಸ್ ಅವರ ವಿಷಯ ಹೇಳದೆ ಬಿಡುವುದಿಲ್ಲ. ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ವೆಬ್‌ಸಿಟಿ ಎಂಬ ಆಗಿನ ಕಲಿಕಾ ತಂತ್ರಾಂಶವನ್ನು ನೋಡಿಕೊಳ್ಳುವ ಅಡ್ಮಿನ್ ಆಗಿದ್ದವರು ಅವರು. ಮೂಡಲಿನ ಮೊದಲ ಆವೃತ್ತಿ ಬಂದದ್ದು 2002ರಲ್ಲಿ. ಚಿಕ್ಕಂದಿನಲ್ಲಿ ಅವರು ಓದಿದ್ದು ರೇಡಿಯೋ ಮೂಲಕ ಪಾಠ ನಡೆಯುವ ದೂರಶಿಕ್ಷಣ ಶಾಲೆಯಲ್ಲಿ. ಜಗತ್ತಿನ ಮೂಲೆಮೂಲೆಯಲ್ಲಿ ಬಳಸುವ ತಂತ್ರಾಂಶ ಹುಟ್ಟಿದ್ದು ಕ್ಯಾಂಪಸ್ಸಿನ ಒಬ್ಬ ಸಿಸ್ಟಮ್ ಅಡ್ಮಿನ್ ಕೈಯಲ್ಲಿ, ದೊಡ್ಡ ಕಂಪನಿಯ ಲ್ಯಾಬಿನಲ್ಲಲ್ಲ. "ಸಪೋರ್ಟ್ ಕೆಲಸ ಅಂದರೆ ಕೆಳಗಿನ ಕೆಲಸ" ಎಂದು ಮುಖ ಸಣ್ಣ ಮಾಡುವವರಿಗೆ ಇದನ್ನು ಹೇಳಿದ ಮೇಲೆ ಸ್ವಲ್ಪ ಬೆನ್ನು ನೆಟ್ಟಗಾಗುತ್ತದೆ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವುದಕ್ಕೆ ಬರುತ್ತೇನೆ. ಇವರಿಗೆ ಕೆಲಸ ಹುಡುಕಲು ನೆರವಾಗುವುದು ಅಂದರೆ ಕೊನೆಯ ಸೆಮಿಸ್ಟರಿನಲ್ಲಿ ರೆಸ್ಯೂಮೆ ತಿದ್ದಿಕೊಡುವುದಲ್ಲ. ಅಷ್ಟು ಹೊತ್ತಿಗೆ ಅರ್ಧ ಮರೆತೇ ಹೋಗಿರುತ್ತದೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳಿನಿಂದಲೇ ತಾನು ಏನು ಮಾಡಿದೆ ಎಂದು ಬರೆದಿಡುವ ಅಭ್ಯಾಸ ಹಿಡಿಸಬೇಕು. ಮೇಲ್ವಿಚಾರಕರಾದ ನಾವು ಮಾಡಬಹುದಾದ ದೊಡ್ಡ ಉಪಕಾರ ಅದೇ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಎರಡನೇ ವರ್ಷದ ಹುಡುಗಿಯೊಬ್ಬಳು ಡೆಸ್ಕಿನಲ್ಲಿದ್ದಾಗ ಒಬ್ಬರು ಅಧ್ಯಾಪಕರ ಫೋನ್ ಬಂತು, ಸಿಟ್ಟಿನಲ್ಲೇ. "ನಿಮ್ಮ ಮೂಡಲ್ ಕೆಟ್ಟಿದೆ. ಅಸೈನ್‌ಮೆಂಟ್ ಕೊಡದವನಿಗೆ ಜಾಸ್ತಿ ಅಂಕ ತೋರಿಸ್ತಿದೆ." ಇಪ್ಪತ್ತು ಇಪ್ಪತ್ತು ಅಂಕದ ಎರಡು ಅಸೈನ್‌ಮೆಂಟ್. ಒಬ್ಬ ಎರಡನ್ನೂ ಕೊಟ್ಟು 18 ಮತ್ತು 14 ಪಡೆದಿದ್ದ, ಒಟ್ಟು ಶೇ. 80. ಇನ್ನೊಬ್ಬ ಒಂದನ್ನಷ್ಟೇ ಕೊಟ್ಟು 18 ಪಡೆದಿದ್ದ, ಅವನದು ಶೇ. 90! ಮೂಡಲ್ ಕೆಟ್ಟಿರಲಿಲ್ಲ. ಗ್ರೇಡ್‌ಬುಕ್ಕಿನಲ್ಲಿ, ಖಾಲಿ ಇರುವ ಅಂಕಗಳನ್ನು ಲೆಕ್ಕದಿಂದ ಹೊರಗಿಡುವ ಒಂದು ಸೆಟ್ಟಿಂಗ್ ಇದೆ, ಅದು ಆನ್ ಆಗಿತ್ತು. ಕೊಡದವನ ಕಾಲಂ ಖಾಲಿ, ಹಾಗಾಗಿ ಇಪ್ಪತ್ತಕ್ಕೆ ಹದಿನೆಂಟು ಎಂದಷ್ಟೇ ಅದು ಲೆಕ್ಕ ಹಾಕಿತ್ತು.

ಸೆಟ್ಟಿಂಗ್ ಆಫ್ ಮಾಡಿ ಟಿಕೆಟ್ ಮುಚ್ಚಿಬಿಡಬಹುದಿತ್ತು. ಅವಳು ಮುಚ್ಚಲಿಲ್ಲ. ಸೆಮಿಸ್ಟರ್ ಇನ್ನೂ ಅರ್ಧವಾಗಿತ್ತಷ್ಟೇ. ಆಫ್ ಮಾಡಿದರೆ ಮುಂದೆ ಬರಬೇಕಾದ ಅಸೈನ್‌ಮೆಂಟುಗಳೂ ಸೊನ್ನೆ ಎಂದು ಲೆಕ್ಕಕ್ಕೆ ಬಂದು ಇಡೀ ತರಗತಿಯ ಒಟ್ಟು ಅಂಕ ಧೊಪ್ಪೆಂದು ಬೀಳುತ್ತದೆ, ಆ ರಾತ್ರಿ ವಿದ್ಯಾರ್ಥಿಗಳೆಲ್ಲ ಕಂಗಾಲು. ಅದರ ಬದಲು ಗಡುವು ಮೀರಿದ, ಕೊಡದೇ ಹೋದ ಅಸೈನ್‌ಮೆಂಟಿಗೆ ಮಾತ್ರ ಸೊನ್ನೆ ತುಂಬಿ ಎಂದು ಅಧ್ಯಾಪಕರಿಗೆ ಹೇಳಿ, ಏಕೆ ಎಂದೂ ವಿವರಿಸಿದಳು. ಆಮೇಲೆ ಅದನ್ನೇ ಸ್ಕ್ರೀನ್‌ಶಾಟ್ ಸಮೇತ ಒಂದು ಪುಟ ಬರೆದು ನಮ್ಮ ನಾಲೆಡ್ಜ್ ಬೇಸಿಗೆ ಹಾಕಿದಳು. ಅದೇ ಪ್ರಶ್ನೆ ಹೊತ್ತು ಬಂದವರಿಗೆಲ್ಲ ನಾವೀಗ ಆ ಪುಟದ ಲಿಂಕ್ ಕಳಿಸುತ್ತೇವೆ.

ಟಿಕೆಟ್ ಸಿಸ್ಟಮ್ಮಿನಲ್ಲಿ ಇಷ್ಟೂ ಸಂಗತಿ "ಗ್ರೇಡ್‌ಬುಕ್, ಪರಿಹರಿಸಲಾಗಿದೆ" ಎಂಬುದಕ್ಕೆ ಇಳಿದುಬಿಟ್ಟಿತ್ತು. ಅವಳ ರೆಸ್ಯೂಮೆಯಲ್ಲಿ ಅಷ್ಟೂ ಇರಲಿಲ್ಲ. ಆದರೆ ಒಂದು ಕಲಿಕಾ ತಂತ್ರಜ್ಞಾನ ವಿಭಾಗ ಹುಡುಕುತ್ತಿರುವುದು ಇದನ್ನೇ: ಸಾಫ್ಟ್‌ವೇರ್ ಗೊತ್ತಿರಬೇಕು, ಸೆಮಿಸ್ಟರ್ ಹೇಗೆ ಓಡುತ್ತದೆ ಎಂದು ಗೊತ್ತಿರಬೇಕು, ಸಿಟ್ಟಾದ ಮನುಷ್ಯನಿಗೆ ಸಮಾಧಾನದಿಂದ ತಿಳಿಹೇಳಬೇಕು, ಕಲಿತದ್ದನ್ನು ಬರೆದಿಡಬೇಕು. ಕೋಡಿಂಗ್ ಟೆಸ್ಟಿನಲ್ಲಿ ಇದು ಕಾಣುವುದಿಲ್ಲ. ಕೊನೆಗೆ ಅವಳ ಕವರ್ ಲೆಟರಿನ ಎರಡನೇ ಪ್ಯಾರಾ ಪೂರ್ತಿ ಈ ಗ್ರೇಡ್‌ಬುಕ್ ಕತೆಯೇ ಆಯಿತು. ಮೊದಲ ಪ್ಯಾರಾದಲ್ಲಿ "ಶಿಕ್ಷಣದ ಬಗ್ಗೆ ನನಗೆ ಅಪಾರ ಒಲವು" ಎಂದಿದ್ದ ವಾಕ್ಯವನ್ನು ನಾನೇ ಹೊಡೆದು ಹಾಕಿಸಿದೆ. ಅರ್ಜಿ ಹಾಕುವ ಎಲ್ಲರಿಗೂ ಆ ಒಲವು ಇರುತ್ತದೆ, ಓದುವವರಿಗೆ ಅದು ಕಾಣಿಸುವುದೇ ಇಲ್ಲ.

ಹಾಗಾಗಿ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ಲಾಗ್ ಫೈಲ್. ಶಿಫ್ಟ್ ಮುಗಿಯುವಾಗ ಎರಡು ಮೂರು ಸಾಲು: ಸಮಸ್ಯೆ ಏನಿತ್ತು, ಏನು ಮಾಡಿದೆ, ಯಾರಿಗೆ ವಿವರಿಸಿದೆ, ಏನು ಗೊತ್ತಾಗಲಿಲ್ಲ. ಯಾರ ಹೆಸರೂ ಇರಕೂಡದು, ವಿದ್ಯಾರ್ಥಿಯದಾಗಲಿ ಅಧ್ಯಾಪಕರದಾಗಲಿ. ಟಿಕೆಟ್‌ಗಳನ್ನು ಡೌನ್‌ಲೋಡ್ ಮಾಡಿ ಮನೆಗೆ ಒಯ್ಯುವುದಂತೂ ಸುತರಾಂ ಇಲ್ಲ. ಈ ಫೈಲ್ ಏಕೆ ಬೇಕೆಂದರೆ, ಪದವಿ ಮುಗಿದ ಮೇಲೆ ಅವರ ಖಾತೆ ಮುಚ್ಚಿಹೋಗುತ್ತದೆ. ಟಿಕೆಟ್ ಸಿಸ್ಟಮ್ ಇಲ್ಲ, ಮೇಲ್ ಇಲ್ಲ, ಡ್ರೈವ್ ಇಲ್ಲ. (ತಮಾಷೆ ನೋಡಿ, ಉಳಿದ ವಿದ್ಯಾರ್ಥಿಗಳಿಗೆಲ್ಲ "ಖಾತೆ ಮುಚ್ಚುತ್ತದೆ, ಬೇಕಾದ್ದನ್ನು ತೆಗೆದುಕೊಳ್ಳಿ" ಎಂದು ನೋಟಿಸ್ ಕಳಿಸುವವರೇ ಇವರು. ತಮ್ಮ ರೆಸ್ಯೂಮೆಯಲ್ಲಿ ಮಾತ್ರ ವಿಶ್ವವಿದ್ಯಾಲಯದ ಇಮೇಲ್ ಹಾಕಿಕೊಂಡಿರುತ್ತಾರೆ! ಸಂದರ್ಶನದ ಕರೆ ಹೋಗಿ ಬೀಳುವುದು ಸತ್ತ ಇನ್‌ಬಾಕ್ಸಿಗೆ.)

ಲಾಗ್ ಇದ್ದರೆ ಇನ್ನೊಂದು ಲಾಭವಿದೆ. ಇಲ್ಲಿ ಕಲಿತದ್ದರಲ್ಲಿ ಬೇರೆ ಕಡೆಗೆ ಹೊತ್ತೊಯ್ಯಬಹುದಾದದ್ದು ಯಾವುದು ಎಂದು ತಾನಾಗಿ ಗೊತ್ತಾಗುತ್ತದೆ. ಎಡುರೋಮ್ ವೈಫೈ ತೆಗೆದುಕೊಳ್ಳಿ. 2002ರಲ್ಲಿ ಯುರೋಪಿನಲ್ಲಿ ಮೊಳೆತ ಆಲೋಚನೆ ಅದು, ಇವತ್ತು ನೂರಕ್ಕೂ ಹೆಚ್ಚು ದೇಶಗಳಲ್ಲಿದೆ. ಒಂದು ಕ್ಯಾಂಪಸ್ಸಿನ ಲಾಗಿನ್ ಇನ್ನೊಂದು ಕ್ಯಾಂಪಸ್ಸಿನಲ್ಲಿ ನಡೆಯುತ್ತದೆ. ನಮ್ಮ ಡೆಸ್ಕಿನಲ್ಲಿ ಅದರ ಸರ್ಟಿಫಿಕೇಟ್ (ನೆಟ್‌ವರ್ಕಿನ ಡಿಜಿಟಲ್ ಗುರುತಿನ ಚೀಟಿ) ತೊಂದರೆ ಬಿಡಿಸಲು ಕಲಿತವನಿಗೆ ಬೇರೆ ವಿಶ್ವವಿದ್ಯಾಲಯಕ್ಕೆ ಹೋದ ಮೊದಲ ದಿನವೇ ಅದು ಕೈಗೆ ಬರುತ್ತದೆ. ಎಲ್‌ಟಿಐ ಕೂಡ ಹಾಗೆಯೇ. ಹೊರಗಿನ ಕ್ವಿಜ್ ಆಗಲಿ ವಿಡಿಯೋ ಟೂಲ್ ಆಗಲಿ, ಮೂಡಲ್, ಕ್ಯಾನ್ವಾಸ್, ಬ್ಲ್ಯಾಕ್‌ಬೋರ್ಡ್ ಇಂಥ ಕಲಿಕಾ ತಂತ್ರಾಂಶಗಳೊಳಗೆ ಜೋಡಿಸಲು ಬಳಸುವ ಮಾನದಂಡ ಅದು. ಅದನ್ನು ರೂಪಿಸುವ ಸಂಸ್ಥೆ ಮೊದಲು ಐಎಂಎಸ್ ಗ್ಲೋಬಲ್ ಎಂದಿತ್ತು, 2022ರಿಂದ ಒನ್‌ಎಡ್‌ಟೆಕ್. ಇಂಥ ಎರಡು ಮಾತು ಸಂದರ್ಶನದಲ್ಲಿ ಸಹಜವಾಗಿ ಬಂದರೆ, ಈ ಹುಡುಗ ಬರೀ ಕೇಬಲ್ ಬದಲಿಸಿದವನಲ್ಲ ಎಂದು ಎದುರಿನವರಿಗೆ ತಿಳಿಯುತ್ತದೆ.

ಅಂಗವಿಕಲ ವಿದ್ಯಾರ್ಥಿಗಳಿಗೆ ಕೋರ್ಸ್ ಸಾಮಗ್ರಿ ತಲುಪುವಂತೆ ಮಾಡುವ ಕೆಲಸಕ್ಕೂ ಈಗ ಜನ ಬೇಕು. ಸ್ಕ್ಯಾನ್ ಮಾಡಿದ ಪಿಡಿಎಫ್ ಅಂದರೆ ಪರದೆಯ ಬರಹವನ್ನು ಓದಿ ಹೇಳುವ ಸ್ಕ್ರೀನ್ ರೀಡರಿಗೆ ಬರೀ ಚಿತ್ರ, ಅದರಲ್ಲಿ ಓದಲು ಏನೂ ಸಿಗುವುದಿಲ್ಲ. ಅದನ್ನು ಓಸಿಆರ್ ಮಾಡಿ (ಚಿತ್ರದಲ್ಲಿರುವ ಅಕ್ಷರಗಳನ್ನು ಪಠ್ಯವಾಗಿಸಿ), ತಲೆಬರಹಗಳಿಗೆ ಟ್ಯಾಗ್ ಹಾಕಿ, ಚಿತ್ರಗಳಿಗೆ ವಿವರಣೆ ಬರೆದು, ವಿಡಿಯೋದ ಕ್ಯಾಪ್ಶನ್ ತಿದ್ದಿದವರಿಗೆ ಅನೇಕ ಸಂಸ್ಥೆಗಳಲ್ಲಿ ಬೇಡಿಕೆ ಇದೆ. ವೆಬ್ ಪುಟಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕು ಎಂದು ರೂಪಿಸಿದ ಡಬ್ಲ್ಯುಸಿಎಜಿ ಮಾರ್ಗಸೂಚಿಯ 2.2 ಆವೃತ್ತಿ 2023ರಲ್ಲಿ ಬಂತು. ಅದನ್ನು ಇಡಿಯಾಗಿ ಉರು ಹೊಡೆಯಬೇಕಿಲ್ಲ. ಒಂದು ಕೆಟ್ಟ ಪಿಡಿಎಫ್ ಹಿಡಿದು, ಮೊದಲು ಹೇಗಿತ್ತು ಆಮೇಲೆ ಹೇಗಾಯಿತು ಎಂದು ತೋರಿಸಿದರೆ ಸಾಕು, ಅದೇ ಪೋರ್ಟ್‌ಫೋಲಿಯೋ. ಮೂಡಲ್ ಮುಕ್ತ ತಂತ್ರಾಂಶ, ಸ್ವಂತ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಸುಳ್ಳು ಹೆಸರುಗಳ ಒಂದು ಮಾದರಿ ಕೋರ್ಸ್ ಕಟ್ಟಿಡಬಹುದು. ವಿಶ್ವವಿದ್ಯಾಲಯದ ಅಸಲಿ ಕೋರ್ಸಿನ ಸ್ಕ್ರೀನ್‌ಶಾಟ್ ಮಾತ್ರ ಬೇಡ.

"ಎರಡು ವರ್ಷ ಅನುಭವ ಬೇಕಂತೆ ಮೇಡಂ, ನಮ್ಮದು ಪಾರ್ಟ್‌ಟೈಮ್ ಅಲ್ವಾ" ಎಂದು ಜಾಹೀರಾತು ನೋಡಿದ ಕೂಡಲೇ ಕೈಚೆಲ್ಲುವವರಿದ್ದಾರೆ. ಕೆಲವು ಸಂಸ್ಥೆಗಳು ಪಾರ್ಟ್‌ಟೈಮ್ ಗಂಟೆಗಳನ್ನು ಪೂರ್ಣಾವಧಿಗೆ ಪರಿವರ್ತಿಸಿ ಲೆಕ್ಕ ಹಾಕುತ್ತವೆ. ಪೂರ್ಣಾವಧಿ ವಾರಕ್ಕೆ 40 ಗಂಟೆ ಎಂದಿಟ್ಟುಕೊಂಡರೆ, 20 ಗಂಟೆಯಂತೆ ಎರಡು ವರ್ಷ ದುಡಿದವರಿಗೆ ಒಂದು ವರ್ಷ. ಆದರೆ ಅದಕ್ಕೆ ಯಾರಾದರೂ ಬರೆದುಕೊಡಬೇಕಲ್ಲ? ಆದ್ದರಿಂದ ಹೊರಡುವ ಪ್ರತಿಯೊಬ್ಬರಿಗೂ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಕೊಡುತ್ತೇನೆ. ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ವಾರಕ್ಕೆ ಸರಾಸರಿ ಎಷ್ಟು ಗಂಟೆ, ಯಾವ ಯಾವ ಸಿಸ್ಟಮ್ಮಿನಲ್ಲಿ ಯಾವ ಮಟ್ಟದ ಹಕ್ಕು ಇತ್ತು, ಹೊಸಬರಿಗೆ ತರಬೇತಿ ಕೊಟ್ಟಿದ್ದಾರೆಯೇ. ಹೊಗಳಿಕೆ ಒಂದಕ್ಷರವೂ ಇಲ್ಲ. ಹೊಗಳಿಕೆಯ ಶಿಫಾರಸು ಪತ್ರ ಬೇರೆ. ಅದು ಬೇಕಾದವರು ಜಾಹೀರಾತಿನ ಪ್ರತಿಯ ಜೊತೆ, ತಮಗೆ ಹೆಮ್ಮೆ ಎನಿಸಿದ ಎರಡು ಮೂರು ಪ್ರಸಂಗಗಳನ್ನು ಲಾಗಿನಿಂದ ಆರಿಸಿ ತರಬೇಕು. "ಶ್ರಮಜೀವಿ, ಸಮಯಪಾಲನೆ ಉಳ್ಳವರು" ಎಂದು ಬರೆದರೆ ಯಾರಿಗೆ ಬೇಕಾದರೂ ಒಪ್ಪುತ್ತದೆ, ಯಾರಿಗೂ ಕೆಲಸ ಕೊಡಿಸುವುದಿಲ್ಲ.

ಸಂದರ್ಶನದ ವಿಷಯಕ್ಕೆ ಬಂದರೆ, ವಿಶ್ವವಿದ್ಯಾಲಯದವರದು ಕಂಪನಿಯವರಂತೆ ಇರುವುದಿಲ್ಲ. ಮೇಜಿನ ಆಚೆ ಒಬ್ಬರು ಐಟಿಯವರು, ಒಬ್ಬರು ಅಧ್ಯಾಪಕರು, ಹಲವು ಸಲ ಒಬ್ಬರು ಗ್ರಂಥಾಲಯದವರು. ಐಟಿಯವರಿಗೆ ಮಾತ್ರ ಅರ್ಥವಾಗುವ ಉತ್ತರ ಕೊಟ್ಟರೆ ಉಳಿದಿಬ್ಬರು ಕಳಚಿಕೊಂಡರು ಅಂತಲೇ ಲೆಕ್ಕ. "ನಮಗೆ ಹತ್ತು ನಿಮಿಷದಲ್ಲಿ ಏನಾದರೂ ಕಲಿಸಿ" ಎಂದು ಕೇಳುವವರೂ ಇದ್ದಾರೆ. ನಾವು ಇದರ ತಾಲೀಮು ಮಾಡುತ್ತೇವೆ. ಗ್ರಂಥಾಲಯದ ಸಹೋದ್ಯೋಗಿಯೊಬ್ಬರು ಮುಂಗೋಪಿ ಪ್ರೊಫೆಸರರ ಪಾತ್ರ ವಹಿಸುತ್ತಾರೆ, ಆ ಪಾತ್ರ ಅವರಿಗೆ ಬಲು ಇಷ್ಟ. ಒಮ್ಮೆ ಒಬ್ಬ ಹುಡುಗ ತಾಳ್ಮೆ ಕೆಟ್ಟು "ಸರ್, ಅದು ಯೂಸರ್ ಎರರ್" ಎಂದುಬಿಟ್ಟ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆ ಯೂಸರ್ ನಾನೇ ಅಲ್ಲವೇನಪ್ಪಾ? ಈಗ ನಿನಗೆ ಓಟು ಹಾಕಬೇಕಾದವನೂ ನಾನೇ" ಎಂದರು. ಕೋಣೆಯೆಲ್ಲ ನಗು. ಆ ಹುಡುಗ ಮಾತ್ರ ಆಮೇಲೆ ಬಹಳ ಹುಷಾರಾದ.

ಇನ್ನೊಂದು ಪ್ರಶ್ನೆ ಸಾಮಾನ್ಯವಾಗಿ ಬಂದೇ ಬರುತ್ತದೆ. "ವಿದ್ಯಾರ್ಥಿಯ ತಂದೆ ಫೋನ್ ಮಾಡಿ, ಮಗನ ಪಾಸ್‌ವರ್ಡ್ ರೀಸೆಟ್ ಮಾಡಿಕೊಡಿ, ಅಂಕ ನೋಡಬೇಕು ಅಂದರೆ ಏನು ಮಾಡುತ್ತೀರಿ?" ಒಳ್ಳೆಯ ಮನಸ್ಸಿನ ಮಕ್ಕಳು ಪಾಪ, ಸಹಾಯ ಮಾಡುವ ಉತ್ಸಾಹದಲ್ಲಿ ಇಲ್ಲೇ ಎಡವುತ್ತಾರೆ. ವಿದ್ಯಾರ್ಥಿಯ ದಾಖಲೆಯ ಗೋಪ್ಯತೆಗೆ ಅಮೆರಿಕದಲ್ಲಿ 1974ರ ಫೆರ್ಪಾ ಕಾಯ್ದೆ ಇದೆ, ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಇದೆ. ಯಾವ ಕಾಯ್ದೆ ಎಂಬುದು ಆಯಾ ದೇಶಕ್ಕೆ ಬಿಟ್ಟದ್ದು. ಸಮಿತಿ ನೋಡುವುದು ಬೇರೆ: ಪಾಸ್‌ವರ್ಡ್ ಖಾತೆದಾರರಿಗೆ ಮಾತ್ರ ಎಂದು ಖಡಾಖಂಡಿತವಾಗಿ, ಆದರೆ ಆ ತಂದೆಗೆ ನೋವಾಗದಂತೆ, ಮುಂದೆ ಯಾರನ್ನು ಕೇಳಬೇಕೆಂದೂ ತಿಳಿಸಿ ಫೋನ್ ಇಡಲು ಬರುತ್ತದೆಯೇ? ನಮ್ಮ ಡೆಸ್ಕಿನವರು ಇದನ್ನು ನಿಜವಾಗಿ ಮಾಡಿದವರು. ಸಂದರ್ಶನದಲ್ಲಿ ಅದನ್ನು ನೆನಪಿಸಿಕೊಂಡು ಹೇಳಬೇಕಷ್ಟೆ.

ಇಷ್ಟೆಲ್ಲ ಹೇಳಿದೆನೆಂದು ಎಲ್ಲರನ್ನೂ ಈ ಕಡೆ ತಳ್ಳುತ್ತೇನೆ ಎಂದುಕೊಳ್ಳಬೇಡಿ. ಸಂಬಳ ಸಾಫ್ಟ್‌ವೇರ್ ಕಂಪನಿಗಳಿಗಿಂತ ಸಾಮಾನ್ಯವಾಗಿ ಕಡಿಮೆ, ಬಡ್ತಿ ನಿಧಾನ, ಮೇಲಿನವರು ಕುರ್ಚಿ ಬಿಡುವವರೆಗೆ ಮೇಲೆ ಜಾಗವಿಲ್ಲ. ಒಂದು ಸಣ್ಣ ಬದಲಾವಣೆಗೂ ಸಮಿತಿ, ಆ ಸಮಿತಿಗೊಂದು ಉಪಸಮಿತಿ. ದಿನಕ್ಕೊಂದು ಹೊಸ ಆವೃತ್ತಿ ಬಿಡುಗಡೆ ಮಾಡಿ ಖುಷಿಪಡುವ ಸ್ವಭಾವದವರಿಗೆ ಇಲ್ಲಿ ಉಸಿರು ಕಟ್ಟುತ್ತದೆ. ಅಂಥವರಿಗೆ ನೇರವಾಗಿ ಬೇಡ ಎಂದಿದ್ದೇನೆ. ಓದಿನ ಸಾಲ ತೀರಿಸುವ ಅವಸರ ಇರುವವರಿಗೂ ಮೊದಲು ಲೆಕ್ಕ ಹಾಕಿ ನೋಡು ಎನ್ನುತ್ತೇನೆ. ಕೆಲವು ಸಂಸ್ಥೆಗಳು ನೌಕರರಿಗೆ ಮುಂದಿನ ಓದಿನ ಶುಲ್ಕದಲ್ಲಿ ರಿಯಾಯಿತಿ ಕೊಡುತ್ತವೆ. ಸ್ನಾತಕೋತ್ತರ ಪದವಿ ಮಾಡುವ ಮನಸ್ಸಿದ್ದರೆ ಅದನ್ನೂ ಸಂಬಳದ ಜೊತೆ ಕೂಡಿಸಿ ನೋಡಬೇಕು.

ನಮ್ಮ ವಿಭಾಗದಲ್ಲೇ ಉಳಿಸಿಕೊಳ್ಳಬಾರದೇ ಎಂದು ಕೇಳುತ್ತಾರೆ. ಜಾಗ ಖಾಲಿಯಾದಾಗ ಅವರೂ ಅರ್ಜಿ ಹಾಕುತ್ತಾರೆ, ಕೆಲವರಿಗೆ ಸಿಕ್ಕಿದೆ ಕೂಡ. ಆದರೂ ಮೊದಲ ಕೆಲಸಕ್ಕೆ ಬೇರೆ ಸಂಸ್ಥೆಗೆ ಹೋಗು ಎನ್ನುವವಳು ನಾನು. ಇಲ್ಲಿ ಎಷ್ಟು ದೊಡ್ಡ ಹುದ್ದೆಗೇರಿದರೂ ಹಳೆಯ ಅಧ್ಯಾಪಕರ ಕಣ್ಣಿಗೆ ಅವನು "ಪ್ರೊಜೆಕ್ಟರ್ ಹುಡುಗ"ನೇ. ನಾಲ್ಕು ಜನರ ಸಭೆಯಲ್ಲಿ "ಇದು ಸರಿಹೋಗಲ್ಲ ಸರ್" ಎನ್ನಲು ಅವನಿಗೂ ನಾಲಿಗೆ ಏಳುವುದಿಲ್ಲ.

ಕಾಯುವ ವಿಷಯವನ್ನೂ ಮೊದಲೇ ಹೇಳಿಬಿಡಬೇಕು. ಅರ್ಜಿ ಹಾಕಿ ತಿಂಗಳಾದರೂ ಸದ್ದಿಲ್ಲದಿದ್ದರೆ ತಿರಸ್ಕಾರವಾಯಿತು ಎಂದು ಕುಗ್ಗಬೇಕಿಲ್ಲ. ಪರೀಕ್ಷೆ, ಪ್ರವೇಶ, ರಜೆ, ಈ ಮೂರರ ನಡುವೆ ಸಮಿತಿ ಸೇರುವುದೇ ಕಷ್ಟ. ಹಾಗಾಗಿ ಕೊನೆಯ ಸೆಮಿಸ್ಟರಿನ ಶುರುವಿನಲ್ಲೇ ಅರ್ಜಿ ಹಾಕಲು ಕೂರಿಸುತ್ತೇನೆ. ಯಾರೋ ದೀರ್ಘ ರಜೆಯ ಮೇಲೆ ಹೋದಾಗ ತೆರೆಯುವ ತಾತ್ಕಾಲಿಕ ಹುದ್ದೆಗಳನ್ನೂ ಬಿಡಬೇಡಿ ಎನ್ನುತ್ತೇನೆ. ಆರು ತಿಂಗಳ ಕಾಂಟ್ರಾಕ್ಟ್ ಅಂದಕೂಡಲೇ ಹುಡುಗರು ಮೂಗು ಮುರಿಯುತ್ತಾರೆ, ಮನೆಯವರು ಇನ್ನೂ ಜಾಸ್ತಿ. ನಾನು ಕೇಳಿಸುವ ಪ್ರಶ್ನೆ ಬೇರೆ: ಆ ಹುದ್ದೆಯಲ್ಲಿ ಮೂಡಲ್ ಅಥವಾ ಕ್ಯಾನ್ವಾಸಿನ ಅಡ್ಮಿನ್ ಹಕ್ಕು ಕೊಡುತ್ತಾರಾ? ಕೊಡುವುದಾದರೆ, ಇಡೀ ಸೈಟಿನ ಸೆಟ್ಟಿಂಗುಗಳನ್ನು ಕೈಯಾರೆ ನಿಭಾಯಿಸಿದ ಆ ಆರು ತಿಂಗಳು, ಮೂರು ವರ್ಷ ಪಾಸ್‌ವರ್ಡ್ ಮಾತ್ರ ರೀಸೆಟ್ ಮಾಡುವ ಖಾಯಂ ಕೆಲಸಕ್ಕಿಂತ ಮುಂದಿನ ಅರ್ಜಿಯಲ್ಲಿ ಹೆಚ್ಚು ತೂಗುತ್ತದೆ. ಕೊಡುವುದಿಲ್ಲ ಎಂದಾದರೆ ಇನ್ನೊಂದು ಜಾಹೀರಾತು ನೋಡೋಣ ಎನ್ನುತ್ತೇನೆ.